ಬಾಗಿದ ಬೆನ್ನು, ಭಾರ ಹೊತ್ತ ಮಣಿಕಟ್ಟು

೧೯೪೮ರಲ್ಲಿ ಅಮೆರಿಕದ ಬಾನ್ನೆವಿಲ್ ಉಪ್ಪುಬಯಲಿನಲ್ಲಿ ರೋಲಿ ಫ್ರೀ ಎಂಬ ಸವಾರನು ಈಜುಡುಗೆಯನ್ನು ಧರಿಸಿ, ವಿನ್ಸೆಂಟ್ ಮೋಟಾರುಸೈಕಲ್ಲಿನ ಮೇಲೆ ಬೋರಲಾಗಿ ಮಲಗಿ, ಗಂಟೆಗೆ ೧೫೦ ಮೈಲಿಗಳ ವೇಗವನ್ನು ಮೀರಿದನು. ಗಾಳಿಯ ತಡೆಯನ್ನು ತಗ್ಗಿಸುವುದೇ ಅವನ ಉದ್ದೇಶ. ಪಂದ್ಯದ ಮಾದರಿಯ ಇಂದಿನ ಮೋಟಾರುಸೈಕಲ್ಲುಗಳು ಸವಾರನನ್ನು ಮುಂದಕ್ಕೆ ಬಾಗಿಸುವುದೂ ಬಹುಮಟ್ಟಿಗೆ ಇದಕ್ಕಾಗಿಯೇ.

ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಗಂಟೆಗೆ ೧೨೦ ಕಿಲೋಮೀಟರ್ ವೇಗದಲ್ಲಿ ಎದೆಯನ್ನು ಒತ್ತಿ ಮುಂಡದ ಭಾರವನ್ನು ಕೊಂಚ ಹೊರುವ ಗಾಳಿಯ ಬಲ, ೪೦ರ ವೇಗದಲ್ಲಿ ಒಂಬತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಆಗ ಭಾರ ಮಣಿಕಟ್ಟುಗಳ ಮೇಲೆ ಬೀಳುತ್ತದೆ. ಅಲ್ಲಿ ಹಾದುಹೋಗುವ ನರ ಅದುಮಿದಂತಾಗಿ ಬೆರಳುಗಳು ಜೋಮುಹಿಡಿಯುತ್ತವೆ. ಜೋಮುಹಿಡಿದ ಬೆರಳು ಬ್ರೇಕನ್ನು ಹದವರಿತು ಹಿಡಿಯಲಾರದು. ಆದುದರಿಂದ ಸವಾರನ ಸುಖವೂ ಸುರಕ್ಷತೆಯ ಅಂಗವೇ ಎಂದು ನಮ್ಮ ಅಭಿಪ್ರಾಯ.

ಮೊಣಕಾಲುಗಳಿಂದ ಪೆಟ್ರೋಲ್ ಟ್ಯಾಂಕನ್ನು ಬಿಗಿಹಿಡಿದು, ಹೊಟ್ಟೆ ಬೆನ್ನುಗಳ ಸ್ನಾಯುಗಳಿಂದ ಮುಂಡವನ್ನು ಆತುಕೊಳ್ಳಬೇಕು. ಮೊಣಕೈ ಸಡಿಲವಾಗಿ ಮಡಿಸಿರಬೇಕು. ಮಣಿಕಟ್ಟು ಮುಂದೋಳಿನ ನೇರಕ್ಕೆ ಇರಬೇಕು. ಇಷ್ಟಾದರೂ ನೋವು ನಿಲ್ಲದಿದ್ದರೆ ಹ್ಯಾಂಡಲನ್ನು ಎತ್ತರಿಸುವುದೇ ಲೇಸು. ಹಾಗೆ ಮಾಡಿದರೆ ವಾಹನದ ಅಂದ ಕೆಡುತ್ತದೆಂಬ ತರುಣರ ಆಕ್ಷೇಪವನ್ನು ನಾವು ಒಪ್ಪಲಾರೆವು. ಪಂದ್ಯದ ಬಯಲಿಗೆ ತಕ್ಕ ಭಂಗಿ ಪೇಟೆಯ ಬೀದಿಗೆ ತಕ್ಕುದಲ್ಲ.