ಹೊಸ್ತಿಲ ಆಚೆಯ ಕಂಬಳಿ



ಈ ಸಲ, 2026ರ ಫೆಬ್ರುವರಿ 18ಕ್ಕೆ ಬೂದಿ ಬುಧವಾರ. ಅಲ್ಲಿಂದ ಕ್ರೈಸ್ತರಿಗೆ ತಪಸ್ಸುಕಾಲ: ಪ್ರಾರ್ಥನೆ, ಉಪವಾಸ, ದಾನದ ದಿನಗಳು. ಅದಕ್ಕೂ ಮುಂಚಿನ ಈ ಚಳಿಯಲ್ಲೇ ಸೂರಿಲ್ಲದವರಿಗೆ ಕಂಬಳಿ ಕೊಡೋ ಕ್ರೈಸ್ತ ಗೆಳೆಯರು ನಮ್ಮ ನಡುವೆ ಇದಾರೆ. ಒಂದು ಮಾತು ಅವರ ಪರವಾಗಿ ಹೇಳ್ಬೇಕು, ಇನ್ನೊಂದು ಅವರಿಗೇ ಹೇಳ್ಬೇಕು.

ಮುತ್ತತ್ತಿ ಗೊತ್ತಲ್ಲ? ಸುತ್ತ ಕಾಡು, ಪಕ್ಕದಲ್ಲಿ ಕಾವೇರಿ. ಬೆಂಗಳೂರಿನವರಿಗೆ ಪಿಕ್ನಿಕ್ ಜಾಗ, ಭಕ್ತರಿಗೆ ಮುತ್ತತ್ತಿರಾಯನ ಸನ್ನಿಧಿ. ಸಂಜೆ ಕಾರುಗಳೆಲ್ಲ ಹೊರಟ ಮೇಲೆ ಅಲ್ಲಿ ಹೊಳೆ ಗಾಳಿಗೆ ಮೈಯೊಡ್ಡಿ ಮಲಗೋದು ಅಂದ್ರೆ ಏನು ಅಂತ ಯೋಚನೆ ಮಾಡಿ. ಮಳವಳ್ಳಿ, ಮದ್ದೂರು ಬಯಲಿಗೆ ಬಂದ್ರೆ ಕಬ್ಬು ಕಡಿಯೋಕೆ ಬಳ್ಳಾರಿ ಕಡೆಯಿಂದ ಬಂದ ಕೂಲಿಯವರು ಗದ್ದೆ ಬದಿಯಲ್ಲಿ ಟಾರ್ಪಾಲು ಕಟ್ಕೊಂಡು ಮಕ್ಕಳುಮರಿ ಸಮೇತ ಮಲಗ್ತಾರೆ. ಸಕ್ಕರೆ ನಾಡಿನ ಸಿಹಿ ಅವರ ಬೆವರು. ಅವರ ಜಾತಿ ಯಾವುದು ಅಂತ ನಾನು ಹೇಳ್ಬೇಕಾ?

ಸರ್ಕಾರ ಏನು ಮಾಡ್ತಿದೆ? ಒಂದು ಲಕ್ಷ ಜನಸಂಖ್ಯೆಗೆ ಒಂದು ರಾತ್ರಿ ವಸತಿ ಕೇಂದ್ರ ಇರಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ್ದು ನಗರಗಳಿಗೆ. ಆ ಲೆಕ್ಕದಲ್ಲಿ ಮಳವಳ್ಳಿ ಪಟ್ಟಣವೇ ಬರಲ್ಲ, ಮುತ್ತತ್ತಿ ಎಲ್ಲಿ ಬರಬೇಕು? ಆಸ್ತಿ ತೆರಿಗೆ ಜೊತೆಗೆ ನಾವು ಶೇ. 3ರಷ್ಟು ಭಿಕ್ಷುಕರ ಉಪಕರ ಕಟ್ತೀವಿ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಬಡವರನ್ನ ಹಿಡಿದು ಕೇಂದ್ರಕ್ಕೆ ಹಾಕುತ್ತೆ. 2010ರ ಆಗಸ್ಟಿನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ನಿರಾಶ್ರಿತರ ಕೇಂದ್ರದಲ್ಲಿ ಸಾಲುಸಾಲಾಗಿ ಜನ ಸತ್ತಿದ್ದನ್ನ ಮರೀಬೇಡಿ.

ಇಂಥ ಕಡೆ ಯಾರೋ ಒಬ್ಬರು ಕಂಬಳಿ ಹೊದಿಸಿದ್ರೆ ತಕ್ಷಣ ಒಂದು ಕೂಗು ಏಳುತ್ತೆ: "ಮತಾಂತರ, ಆಮಿಷ!" 2022ರ ಮತಾಂತರ ನಿಷೇಧ ಕಾಯ್ದೆಯ ಆಮಿಷದ ಪಟ್ಟಿಯಲ್ಲಿ ಉಡುಗೊರೆಯೂ ಸೇರಿದೆ. 2023ರ ಜೂನ್‌ನಲ್ಲಿ ಅದನ್ನ ರದ್ದು ಮಾಡ್ತೀವಿ ಅಂತ ಸಂಪುಟ ತೀರ್ಮಾನ ಮಾಡ್ತು, ಆದ್ರೆ ಆ ಕೂಗು ರದ್ದಾಗಿಲ್ಲ. ಕೂಗೋರಿಗೆ ಒಂದು ಕತೆ. ನಾಲ್ಕನೇ ಶತಮಾನದಲ್ಲಿ ಫ್ರಾನ್ಸ್‌ನ ಆಮಿಯಾ ಊರಿನ ಬಾಗಿಲಲ್ಲಿ ಮಾರ್ಟಿನ್ ಅನ್ನೋ ಸೈನಿಕ ಚಳಿಗೆ ನಡುಗೋ ಭಿಕ್ಷುಕನಿಗೆ ತನ್ನ ನಿಲುವಂಗಿ ಸೀಳಿ ಅರ್ಧ ಕೊಟ್ಟ. ಆಗ ಅವನಿಗೇ ಇನ್ನೂ ದೀಕ್ಷಾಸ್ನಾನ ಆಗಿರಲಿಲ್ಲ! ಚಳಿಗೆ ಧರ್ಮ ಇಲ್ಲ. ಆಮಿಷ ಅನ್ನೋರು ಮೊದಲು ತಮ್ಮ ಮನೆಯದೊಂದು ಕಂಬಳಿ ತರಲಿ, ಆಮೇಲೆ ಮಾತಾಡೋಣ.

ಈಗ ಕ್ರೈಸ್ತ ಗೆಳೆಯರಿಗೆ. ಬೂದಿ ಬುಧವಾರದ ಮುಂದಿನ ಶುಕ್ರವಾರ ಕಥೋಲಿಕ ದೇವಾಲಯಗಳಲ್ಲಿ ಪ್ರವಾದಿ ಯೆಶಾಯನ 58ನೇ ಅಧ್ಯಾಯ ಓದ್ತಾರೆ. ಹೊಟ್ಟೆ ಕಟ್ಟೋದಷ್ಟೇ ಉಪವಾಸ ಅಲ್ಲ, ನೊಗ ಮುರಿಯೋದು ಉಪವಾಸ, ನೆಲೆಯಿಲ್ಲದವರನ್ನ ಮನೆಗೆ ಕರ್ಕೊಂಡು ಬರೋದು ಉಪವಾಸ ಅನ್ನೋದು ಅದರ ತಿರುಳು. ಬೀದಿಗೆ ಹೋಗಿ ಕೊಟ್ಟು ಬಾ ಅಂತ ಮಾತ್ರ ಹೇಳಿ ಸುಮ್ಮನಾಗಿಲ್ಲ, ಮನೆಯೊಳಕ್ಕೆ ಕರಿ ಅಂದಿದಾನೆ.

ದಲಿತರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಹಳೇ ಬಟ್ಟೆ, ಉಳಿದ ಅನ್ನ ಕೊಡೋದನ್ನ ಜಾತಿ ಯಾವತ್ತೂ ತಡೆದಿಲ್ಲ. ಎತ್ತರದಿಂದ ಹಾಕಿದ್ದನ್ನ ನಮ್ಮ ಅಜ್ಜ ಅಜ್ಜಿಯರು ಸೆರಗೊಡ್ಡಿ, ಟವೆಲ್ ಒಡ್ಡಿ ಇಸ್ಕೊಂಡಿದಾರೆ. ಜಾತಿ ತಡೆದಿದ್ದು ಹೊಸ್ತಿಲನ್ನ. ಹಾಗಾಗಿ ಕರುಣೆ ನಿಜವೋ ಅಲ್ಲವೋ ಅಂತ ಗೊತ್ತಾಗೋದು ಹೊಸ್ತಿಲಲ್ಲಿ, ಕಂಬಳಿಯಲ್ಲಿ ಅಲ್ಲ.

ಚರ್ಚಿನೊಳಗೇ ಜಾತಿ ಇದೆ ಅಂತ ದಲಿತ ಕ್ರೈಸ್ತರು ಎಷ್ಟು ವರ್ಷದಿಂದ ಹೇಳ್ತಾ ಇದಾರೆ. 1950ರ ರಾಷ್ಟ್ರಪತಿ ಆದೇಶ ಅವರಿಗೆ ಪರಿಶಿಷ್ಟ ಜಾತಿಯ ಹಕ್ಕು ಕೊಟ್ಟಿಲ್ಲ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ತೆರೆದ ಬಾಗಿಲು ಇವರಿಗೆ ಮುಚ್ಚೇ ಇದೆ. ಹೊರಗಿನವರನ್ನ ಒಳಗೆ ಕರೆಯೋ ಮೊದಲು ಒಳಗಿರೋರನ್ನ ಸಮಕ್ಕೆ ಕೂರಿಸ್ಬೇಕು.

ನನ್ನ ಬೇಡಿಕೆ ಇಷ್ಟೇ. ಸಂಜೆ ಬೀಗ ಹಾಕೋ ಚರ್ಚ್ ಹಾಲ್, ಶಾಲೆ ಕೊಠಡಿಗಳನ್ನ ಚಳಿಗಾಲ ಮುಗಿಯೋವರೆಗೆ ರಾತ್ರಿ ತೆರೀರಿ. ಒಟ್ಟಿಗೆ ಕೂತು ಊಟ ಮಾಡಿ. ಸರ್ಕಾರಿ ಜಾಗದಲ್ಲಿ ಗುಡಿಸಲು ಹಾಕ್ಕೊಂಡೋರಿಗೆ ಭೂಕಂದಾಯ ಕಾಯ್ದೆಯ 94ಸಿ ಇದೆ, ಆ ಅರ್ಜಿ ಹಿಡ್ಕೊಂಡು ಅವರ ಜೊತೆ ತಾಲ್ಲೂಕು ಕಚೇರಿಗೆ ಬನ್ನಿ. ನಾವೂ ಬರ್ತೀವಿ. ಇದು ಕ್ರೈಸ್ತರಿಗೆ ಮಾತ್ರ ಹೇಳಿದ್ದಲ್ಲ. ಅಂಬೇಡ್ಕರ್ ಭವನಗಳ ಬೀಗದ ಕೈ ಇರೋದು ನಮ್ಮವರ ಹತ್ರಾನೇ.

ಜೈಭೀಮ್.