ಪಟ್ಟಿ ಇತ್ತು, ಬಾಯಿ ಇರಲಿಲ್ಲ

ಪೇಟೆಯಲ್ಲಿ ಒಬ್ಬ ಗಿರಾಕಿ ಉದ್ರಿ ತಗೊಂಡು ಕೈ ಎತ್ತಿದನೆಂದರೆ ಸುದ್ದಿ ಹರಡಲು ಎಷ್ಟು ಹೊತ್ತು ಬೇಕು? ಬೆಳಿಗ್ಗೆ ಕಿರಾಣಿ ಅಂಗಡಿಗೆ ಟೋಪಿ ಹಾಕಿದವನ ಹೆಸರು ಮಧ್ಯಾಹ್ನದ ಊಟದೊಳಗೆ ಬಟ್ಟೆ ಅಂಗಡಿ, ಪಾತ್ರೆ ಅಂಗಡಿ, ಗೊಬ್ಬರದ ಅಂಗಡಿ ಎಲ್ಲಕ್ಕೂ ಮುಟ್ಟಿರುತ್ತದೆ. ಇದಕ್ಕೆ ವರ್ತಕರ ಸಂಘದ ಠರಾವು ಬೇಕಿಲ್ಲ, ಸಮಿತಿ ಕೂರಬೇಕಿಲ್ಲ. ಅಕ್ಕಿ ಬೇಳೆ ವಿಷಯಕ್ಕೆ ಇಷ್ಟು ಎಚ್ಚರವಿರುವಾಗ, ಮಕ್ಕಳ ಮೈಮೇಲೆ ಕೈ ಹಾಕಿದವನ ಹೆಸರು ಒಂದು ಚರ್ಚಿನಿಂದ ಇನ್ನೊಂದು ಚರ್ಚಿಗೆ ತಲುಪಲು ಎಷ್ಟು ಕಾಲ ಬೇಕು? ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ ಎಂಬ ಬೃಹತ್ ಸಂಸ್ಥೆಗೆ ಹದಿನೈದು ವರ್ಷ ಬೇಕಾಯಿತು. ಅದೂ ತಾನಾಗಿ ಹೇಳಿದ್ದಲ್ಲ, ಬಾಯಿ ಬಿಡಿಸಿದ ಮೇಲೆ ಹೇಳಿದ್ದು.

ಅಮೆರಿಕದ ಚರ್ಚಿನ ಗೊಡವೆ ಇಲ್ಲಿಗೆ ಯಾಕಪ್ಪ ಎಂದು ಮೂಗು ಮುರಿಯುವವರು ಇದ್ದೇ ಇರುತ್ತಾರೆ. ಬಳ್ಳಾರಿ ರಸ್ತೆಯಲ್ಲಿ ಬಸ್ಸು ಹಿಡಿದು ಬೆಂಗಳೂರಿಗೆ ಹೋಗುವವರಿಗೆ ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆ ಗೊತ್ತು. 1973ರಲ್ಲಿ ಅದನ್ನು ಆರಂಭಿಸಿದ್ದು ಇದೇ ಸದರ್ನ್ ಬ್ಯಾಪ್ಟಿಸ್ಟರ ವಿದೇಶ ಮಿಷನ್ ಮಂಡಳಿ. 1989ರಲ್ಲಿ ಆಡಳಿತ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಕೈಗೆ ಹೋಯಿತು. ಆ ಆಸ್ಪತ್ರೆಗೂ ಇಲ್ಲಿ ಹೇಳುವ ಹಗರಣಕ್ಕೂ ಎಳ್ಳಷ್ಟೂ ಸಂಬಂಧವಿಲ್ಲ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಾತು ಇಷ್ಟೇ: ಇದು ಯಾವುದೋ ಮೂಲೆಯ ಪುಂಡರ ಕೂಟವಲ್ಲ. ದೂರದೂರಿಗೆ ಡಾಕ್ಟರುಗಳನ್ನು ಕಳಿಸಿ ಬಡವರ ಕಾಯಿಲೆ ನೋಡಿಸಿದ ಸಂಸ್ಥೆ. ಅಂಥ ಒಳ್ಳೆಯ ಹೆಸರೇ ಕೆಟ್ಟದ್ದನ್ನು ಮುಚ್ಚುವ ಸೆರಗಾಯಿತು ಎಂಬುದೇ ಇಲ್ಲಿಯ ದುರಂತ.

ಸದರಿ ಸಂಸ್ಥೆ ಹುಟ್ಟಿದ್ದು 1845ರಲ್ಲಿ, ಜಾರ್ಜಿಯಾ ರಾಜ್ಯದ ಅಗಸ್ಟಾ ಪಟ್ಟಣದಲ್ಲಿ. ಗುಲಾಮರನ್ನು ಇಟ್ಟುಕೊಂಡವರು ಮಿಷನರಿಯಾಗಬಹುದೋ ಬಾರದೋ ಎಂಬ ಜಗಳದಲ್ಲಿ ಉತ್ತರದವರಿಂದ ಸಿಡಿದು ಬಂದ ದಕ್ಷಿಣದವರು ಇವರು. ಇವತ್ತು ಅಮೆರಿಕದ ಅತಿ ದೊಡ್ಡ ಪ್ರಾಟೆಸ್ಟೆಂಟ್ ಪಂಗಡ. 2024ರ ಲೆಕ್ಕದಲ್ಲಿ ಸದಸ್ಯರು ಸುಮಾರು ಒಂದು ಕೋಟಿ ಇಪ್ಪತ್ತೇಳು ಲಕ್ಷ, ಚರ್ಚುಗಳು ನಲವತ್ತೈದು ಸಾವಿರಕ್ಕೂ ಹೆಚ್ಚು. ಇವರಲ್ಲಿ ಪೋಪ್ ಇಲ್ಲ, ಬಿಷಪ್ ಇಲ್ಲ. ಪ್ರತಿ ಚರ್ಚೂ ತನ್ನ ಮನೆಗೆ ತಾನೇ ಯಜಮಾನ. ಪಾಸ್ಟರನ್ನು ನೇಮಿಸುವುದು, ತೆಗೆಯುವುದು ಎಲ್ಲ ಆಯಾ ಊರಿನವರೇ. ವರ್ಷಕ್ಕೊಮ್ಮೆ ಜೂನ್ ತಿಂಗಳಲ್ಲಿ ಪ್ರತಿನಿಧಿಗಳು ಸೇರಿ ಎರಡು ದಿನ ಮಹಾಸಭೆ ನಡೆಸುತ್ತಾರೆ. ಉಳಿದ ದಿನಗಳಲ್ಲಿ ವ್ಯವಹಾರ ನೋಡಿಕೊಳ್ಳುವುದು ನ್ಯಾಶ್‌ವಿಲ್ ಪಟ್ಟಣದಲ್ಲಿರುವ 86 ಜನರ ಕಾರ್ಯಕಾರಿ ಸಮಿತಿ.

ಕೇಳಲು ಬಹಳ ಚೆನ್ನಾಗಿದೆ. ಪಂಚಾಯಿತಿ ರಾಜ್ಯ ಇದ್ದ ಹಾಗೆ. ಆದರೆ ಒಂದು ಊರಿನ ಪಾಸ್ಟರ್ ಹುಡುಗಿಯೊಬ್ಬಳ ಬಾಳು ಹಾಳು ಮಾಡಿದನೆನ್ನಿ. ಊರಿನ ಹಿರಿಯರು ಸೇರುತ್ತಾರೆ. ಪೊಲೀಸಿಗೆ ಹೋದರೆ ಚರ್ಚಿನ ಮಾನ ಹೋಗುತ್ತದೆ ಅನ್ನುತ್ತಾರೆ. ಆತನಿಂದ ಒಂದು ರಾಜೀನಾಮೆ ಬರೆಸಿಕೊಂಡು, ಒಂದು ಪ್ರಾರ್ಥನೆ ಮಾಡಿ ಕಳಿಸಿಬಿಡುತ್ತಾರೆ. ಆತ ಇನ್ನೂರು ಮೈಲಿ ಆಚೆ ಇನ್ನೊಂದು ಚರ್ಚಿನಲ್ಲಿ ಅರ್ಜಿ ಹಾಕುತ್ತಾನೆ. ಅಲ್ಲಿಯವರು ಫೋನು ಮಾಡಿ ಕೇಳಿದರೆ "ಚೆನ್ನಾಗಿ ಪ್ರಸಂಗ ಮಾಡುತ್ತಾರೆ" ಎಂಬ ಉತ್ತರ. ಡಿಪೋದಲ್ಲಿ ಟಿಕೆಟ್ ದುಡ್ಡು ನುಂಗಿ ಸಿಕ್ಕಿಬಿದ್ದ ಕಂಡಕ್ಟರಿಗೂ ಸರ್ವಿಸ್ ಪುಸ್ತಕ ಅಂತ ಒಂದಿರುತ್ತದೆ, ಅದರಲ್ಲಿ ಕೆಂಪು ಶಾಯಿ ಬೀಳುತ್ತದೆ. ಈ ಪಾಸ್ಟರುಗಳಿಗೆ ಅದೂ ಇರಲಿಲ್ಲ.

ಕ್ರಿಸ್ಟಾ ಬ್ರೌನ್ ಎಂಬ ಮಹಿಳೆ ಇದನ್ನು ಕೇಳಿದವರಲ್ಲಿ ಮೊದಲ ಸಾಲಿನವರು. ಟೆಕ್ಸಾಸ್ ರಾಜ್ಯದ ಒಂದು ಚರ್ಚಿನಲ್ಲಿ ಆಕೆ ಹದಿನಾರರ ಹುಡುಗಿಯಾಗಿದ್ದಾಗ ಯುವಜನರ ಪಾಸ್ಟರ್ ಆಕೆಯ ಮೇಲೆ ದೌರ್ಜನ್ಯ ನಡೆಸಿದ. ಆತ ಅಲ್ಲಿಂದ ಬೇರೆ ಚರ್ಚುಗಳಿಗೆ ಹೋಗಿ ಅದೇ ವೃತ್ತಿ ಮುಂದುವರಿಸಿದ. ಆಕೆ ಬೆಳೆದು ವಕೀಲೆಯಾಗಿ, ನಡುವಯಸ್ಸು ದಾಟಿದ ಮೇಲೆ ಸಂಸ್ಥೆಯ ಬಾಗಿಲು ತಟ್ಟಿದರು. ಕೇಳಿದ್ದು ಹಣವಲ್ಲ, ಆಸ್ತಿಯಲ್ಲ. "ಆರೋಪ ಹೊತ್ತ ಪಾಸ್ಟರುಗಳ ಒಂದು ಪಟ್ಟಿ ಮಾಡಿ, ಯಾವ ಚರ್ಚಿನವರು ಬೇಕಾದರೂ ನೋಡುವಂತೆ ಇಡಿ" ಎಂಬುದಷ್ಟೇ ಬೇಡಿಕೆ. ಕಾರ್ಯಕಾರಿ ಸಮಿತಿಯ ಮುಂದೆ ಆಕೆ ನಿಂತು ಮಾತಾಡುವಾಗ ಸದಸ್ಯರೊಬ್ಬರು ಬೆನ್ನು ತಿರುಗಿಸಿ ಕೂತರಂತೆ, ಇನ್ನೊಬ್ಬರು ಕಿಸಕ್ಕನೆ ನಕ್ಕರಂತೆ. ಆಕೆ ಹೇಳಿದ ಈ ಮಾತು ಮುಂದೆ ತನಿಖಾ ವರದಿಯಲ್ಲೂ ದಾಖಲಾಯಿತು. ದೇವರ ಕೆಲಸಕ್ಕೆಂದು ಕೂತ ಹಿರಿಯರು!

2007ರ ಮಹಾಸಭೆಯಲ್ಲಿ ಒಕ್ಲಹೋಮಾದ ಒಬ್ಬ ಪಾಸ್ಟರೇ ಎದ್ದು ನಿಂತು, ಇಂಥ ಪಟ್ಟಿ ಸಾಧ್ಯವೇ ಪರಿಶೀಲಿಸಿ ಎಂದು ಸೂಚನೆ ಮಂಡಿಸಿದರು. ಪಾಸ್ಟರುಗಳಲ್ಲೂ ನ್ಯಾಯವಂತರಿದ್ದರು, ಅದನ್ನು ಮರೆಯಬಾರದು. 2008ರ ಜೂನ್‌ನಲ್ಲಿ ಇಂಡಿಯಾನಾಪೊಲಿಸ್ ಮಹಾಸಭೆಗೆ ಕಾರ್ಯಕಾರಿ ಸಮಿತಿ ಉತ್ತರ ತಂದಿತು: ಆಗುವುದಿಲ್ಲ. ಕಾರಣ? ಪ್ರತಿ ಚರ್ಚೂ ಸ್ವತಂತ್ರ, ಅದರ ನೇಮಕದಲ್ಲಿ ಕೇಂದ್ರ ಕೈ ಹಾಕುವಂತಿಲ್ಲ. ಬೇಕಾದರೆ ಸರ್ಕಾರದ ಅಪರಾಧಿಗಳ ದಫ್ತರು ನೋಡಿಕೊಳ್ಳಿ. ಸರ್ಕಾರದ ದಫ್ತರಿನಲ್ಲಿ ಶಿಕ್ಷೆಯಾದವರ ಹೆಸರು ಮಾತ್ರ ಇರುತ್ತದೆ ಸ್ವಾಮಿ. ರಾಜೀನಾಮೆ ಕೊಡಿಸಿ ಸದ್ದಿಲ್ಲದೆ ಸಾಗಹಾಕಿದವರ ಹೆಸರು ಅಲ್ಲೆಲ್ಲಿಂದ ಬರಬೇಕು? ಟೈಮ್ ಪತ್ರಿಕೆ ಆ ವರ್ಷ ಪತ್ರಿಕೆಗಳು ಸರಿಯಾಗಿ ಬರೆಯದೆ ಬಿಟ್ಟ ಹತ್ತು ಸುದ್ದಿಗಳಲ್ಲಿ ಇದನ್ನೂ ಸೇರಿಸಿತು.

ಹನ್ನೊಂದು ವರ್ಷ ಹೀಗೇ ಕಳೆಯಿತು.

2019ರ ಫೆಬ್ರುವರಿಯಲ್ಲಿ ಟೆಕ್ಸಾಸಿನ ಎರಡು ಪತ್ರಿಕೆಗಳು, ಹ್ಯೂಸ್ಟನ್ ಕ್ರಾನಿಕಲ್ ಮತ್ತು ಸ್ಯಾನ್ ಆಂಟೋನಿಯೊ ಎಕ್ಸ್‌ಪ್ರೆಸ್ ನ್ಯೂಸ್, ಸೇರಿಕೊಂಡು ಸಾಲು ವರದಿ ಹಾಕಿದವು. ವರದಿಗಾರರು ಕೋರ್ಟು ಕಚೇರಿ ಅಲೆದು, ಜೈಲಿನ ದಾಖಲೆ ತಿರುವಿ ಹಾಕಿ ಲೆಕ್ಕ ತೆಗೆದಿದ್ದರು. ಇಪ್ಪತ್ತು ವರ್ಷಗಳಲ್ಲಿ ಸುಮಾರು 380 ಪಾಸ್ಟರುಗಳು, ಚರ್ಚಿನ ನೌಕರರು, ಸ್ವಯಂಸೇವಕರ ಮೇಲೆ ಆರೋಪ. ಬಲಿಯಾದವರು 700ಕ್ಕೂ ಹೆಚ್ಚು, ಬಹುಪಾಲು ಮಕ್ಕಳು. ಸುಮಾರು 220 ಮಂದಿಗೆ ಶಿಕ್ಷೆಯಾಗಿತ್ತು ಇಲ್ಲವೇ ಅವರು ತಪ್ಪೊಪ್ಪಿಕೊಂಡಿದ್ದರು. ಆರೋಪ ಬಂದ ಮೇಲೂ ಮತ್ತೆ ಚರ್ಚಿನಲ್ಲಿ ಕೆಲಸ ಹಿಡಿದವರು ಕನಿಷ್ಠ 35. ಕೋಟಿಗಟ್ಟಲೆ ಕಾಣಿಕೆ ಬರುವ ಸಂಸ್ಥೆ ಅಸಾಧ್ಯ ಎಂದ ಪಟ್ಟಿಯನ್ನು ಕೆಲವೇ ವರದಿಗಾರರು ಮಾಡಿ ಮುಗಿಸಿದ್ದರು.

2021ರ ಮಹಾಸಭೆಯಲ್ಲಿ ಸಾಮಾನ್ಯ ಪ್ರತಿನಿಧಿಗಳು ಸಿಟ್ಟಿಗೆದ್ದರು. ಹೊರಗಿನವರಿಂದ ತನಿಖೆಯಾಗಲಿ, ಕಾರ್ಯಕಾರಿ ಸಮಿತಿಯ ಕಾಗದಪತ್ರ ಎಲ್ಲ ತನಿಖೆಗಾರರಿಗೆ ಸಿಗಲಿ ಎಂದು ಕೈ ಎತ್ತಿ ಮತ ಹಾಕಿದರು. ಆಗ ನೋಡಬೇಕಿತ್ತು ಸಮಿತಿಯ ಪರದಾಟ! ವಕೀಲರ ಜೊತೆ ಆಡಿದ ಮಾತು ಗುಟ್ಟು, ಅದನ್ನು ಬಿಟ್ಟುಕೊಡುವಂತಿಲ್ಲ ಎಂದು ಸಭೆಯ ಮೇಲೆ ಸಭೆ. ಕೊನೆಗೆ ಅಕ್ಟೋಬರ್ 5ರಂದು 44ಕ್ಕೆ 31 ಮತದಿಂದ ಒಪ್ಪಿದರು. ಹಲವು ಸದಸ್ಯರು ರಾಜೀನಾಮೆ ಬಿಸಾಕಿ ಹೋದರು, ಸಮಿತಿಯ ಮುಖ್ಯಾಧಿಕಾರಿಯೂ ಹೊರನಡೆದರು, ದಶಕಗಳಿಂದ ಸಲಹೆ ಕೊಡುತ್ತಿದ್ದ ವಕೀಲರ ಕಂಪನಿಯೂ ಕೈ ತೊಳೆದುಕೊಂಡಿತು. ಬೀರು ತೆಗೆಯಿರಿ ಎಂದ ಕೂಡಲೇ ಮನೆಯವರೇ ಗೋಡೆ ಹಾರಿದಂತಾಯಿತು.

2022ರ ಮೇ 22ರಂದು 288 ಪುಟಗಳ ವರದಿ ಹೊರಬಂತು. ಅದರಲ್ಲಿ ಎಲ್ಲರ ಬಾಯಿ ಕಟ್ಟಿಸಿದ ಸಂಗತಿ ಒಂದಿತ್ತು. ಯಾವ ಪಟ್ಟಿ ಮಾಡಲಾಗದು ಎಂದು 2008ರಲ್ಲಿ ಜಗತ್ತಿಗೆ ಸಾರಿದ್ದರೋ, ಅಂಥದೇ ಪಟ್ಟಿಯನ್ನು 2007ರಿಂದಲೇ ಅದೇ ಕಚೇರಿಯ ನೌಕರರೊಬ್ಬರು ಬರೆದಿಡುತ್ತಿದ್ದರು! ಎಲ್ಲೋ ಪೇಪರಿನಲ್ಲಿ ಬಂದ ಸುದ್ದಿ, ಆರೋಪಿಯ ಹೆಸರು, ಊರು, ಚರ್ಚು, ಎಲ್ಲ ಕ್ರಮವಾಗಿ. ತನಿಖೆ ಹೊತ್ತಿಗೆ ಅದರಲ್ಲಿ 703 ಹೆಸರು ಸೇರಿತ್ತು. ಆ ಪೈಕಿ 409 ಮಂದಿ ಒಂದಲ್ಲ ಒಂದು ಕಾಲಕ್ಕೆ ಇದೇ ಸಂಸ್ಥೆಯ ಚರ್ಚುಗಳಿಗೆ ಸೇರಿದ್ದವರೆಂದು ನಂಬಲಾಗಿತ್ತು. ಆ ಹೆಸರುಗಳನ್ನು ಇಟ್ಟುಕೊಂಡು ಮೇಲಿನವರು ಏನು ಮಾಡಿದರು? ಏನೂ ಮಾಡಲಿಲ್ಲ. ಇವರಲ್ಲಿ ಯಾರಾದರೂ ಈಗಲೂ ಯಾವುದಾದರೂ ಚರ್ಚಿನಲ್ಲಿದ್ದಾರೆಯೇ ಎಂದು ನೋಡುವ ಗೋಜಿಗೂ ಹೋಗಲಿಲ್ಲ.

ಯಾಕೆ? ವಕೀಲರ ಸಲಹೆ. ಕೇಂದ್ರಕ್ಕೆ ವಿಷಯ ಗೊತ್ತು ಎಂದಾದರೆ ನಾಳೆ ಕೋರ್ಟಿನಲ್ಲಿ ಪರಿಹಾರದ ದಾವೆ ಕೇಂದ್ರದ ಮೇಲೂ ಬೀಳುತ್ತದೆ. ಗೊತ್ತಿಲ್ಲದವನಿಗೆ ಹೊಣೆಯಿಲ್ಲ. ಆದ್ದರಿಂದ ಗೊತ್ತಿದ್ದೂ ಗೊತ್ತಿಲ್ಲದಂತೆ ಇರಬೇಕು. ಸಮಿತಿಯ ಹಿರಿಯ ಅಧಿಕಾರಿ, ಸ್ವತಃ ಸಂಸ್ಥೆಯ ಕಾನೂನು ಸಲಹೆಗಾರ ಆಗಸ್ಟ್ ಬೊಟೊ ಒಂದು ಒಳಗಿನ ಪತ್ರದಲ್ಲಿ, ಸಂತ್ರಸ್ತರ ಈ ಹೋರಾಟವೆಲ್ಲ ಸುವಾರ್ತೆಯ ಕೆಲಸದಿಂದ ದಾರಿ ತಪ್ಪಿಸಲು ಸೈತಾನ ಹೂಡಿದ ತಂತ್ರ ಎಂಬ ಅರ್ಥದಲ್ಲಿ ಬರೆದಿದ್ದರು. ಹುಡುಗಿಯರ ಮೇಲೆ ಕೈ ಹಾಕಿದವನಲ್ಲಿ ಕಾಣದ ಸೈತಾನ, ದೂರು ಹೇಳಲು ಬಂದವರಲ್ಲಿ ಕಂಡುಬಿಟ್ಟ.

ವಕೀಲರ ಮಾತಿನಲ್ಲಿ ಸತ್ಯಾಂಶವೇ ಇಲ್ಲ ಎನ್ನಲಾಗದು. ಸುಳ್ಳು ದೂರಿಗೆ ಒಬ್ಬನ ಹೆಸರು ಪಟ್ಟಿಗೆ ಹತ್ತಿದರೆ ಅವನ ಬದುಕೂ ಹಾಳು, ಮಾನನಷ್ಟದ ಕೇಸೂ ಬರುತ್ತದೆ. ಆದರೆ ಅದಕ್ಕೆ ವಿಚಾರಣೆ ನಡೆಸಿ ಹೆಸರು ಸೇರಿಸುವ ಕ್ರಮ ಮಾಡಬೇಕಿತ್ತು. ಶಿಕ್ಷೆಯಾದವರು, ತಾವೇ ಒಪ್ಪಿಕೊಂಡವರು ಇದ್ದರಲ್ಲ, ಅವರಿಂದಲಾದರೂ ಶುರು ಮಾಡಬಹುದಿತ್ತು.

ಇನ್ನು ಆ 'ಪ್ರತಿ ಚರ್ಚೂ ಸ್ವತಂತ್ರ' ಎಂಬ ಮಂತ್ರದ ವಿಷಯ. ಕ್ಯಾಲಿಫೋರ್ನಿಯಾದಲ್ಲಿ ಸ್ಯಾಡಲ್‌ಬ್ಯಾಕ್ ಎಂಬ ಭಾರಿ ಚರ್ಚಿದೆ. ಅಲ್ಲಿ ಹೆಂಗಸರಿಗೆ ಪಾಸ್ಟರ್ ಪದವಿ ಕೊಟ್ಟರು. 2023ರ ಫೆಬ್ರುವರಿಯಲ್ಲಿ ಕಾರ್ಯಕಾರಿ ಸಮಿತಿ ಅದನ್ನು ಸಂಸ್ಥೆಯಿಂದ ಹೊರಹಾಕಿತು. ಜೂನ್‌ನಲ್ಲಿ ನ್ಯೂ ಆರ್ಲಿಯನ್ಸ್ ಮಹಾಸಭೆ ನೂರಕ್ಕೆ 88ರಷ್ಟು ಮತದಿಂದ ಅದಕ್ಕೆ ಮುದ್ರೆ ಒತ್ತಿತು. ಹೆಂಗಸು ವೇದಿಕೆ ಹತ್ತಿದಾಗ ಚರ್ಚಿನ ಸ್ವಾತಂತ್ರ್ಯ ಎಲ್ಲಿ ಹೋಯಿತು? ಹಳ್ಳಿಯಲ್ಲಿ ಅತ್ತೆ ಒಡೆದ ಮಡಕೆ ಅಡ್ಡಮಡಕೆ, ಸೊಸೆ ಒಡೆದದ್ದು ಹೊಸ ಮಡಕೆ ಅನ್ನುತ್ತಾರೆ. ಕೇಂದ್ರಕ್ಕೆ ಮನಸ್ಸಿದ್ದರೆ ಕೈ ಎಷ್ಟು ಉದ್ದ ಚಾಚಬಲ್ಲದು ಎಂಬುದು ಆ ಒಂದು ಮತದಾನದಲ್ಲೇ ತಿಳಿದುಹೋಯಿತು.

ಬಾಯಿ ಬಿಟ್ಟವರ ಗತಿ ಏನಾಯಿತೆಂದು ತಿಳಿಯಲು ಜೆನಿಫರ್ ಲೈಯೆಲ್ ಅವರ ಕಥೆ ಸಾಕು. ಸಂಸ್ಥೆಯ ಪ್ರಕಾಶನ ವಿಭಾಗದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಹೆಂಗಸು. ತಾನು ಓದಿದ ಧರ್ಮಶಾಲೆಯ ಪ್ರಾಧ್ಯಾಪಕನಿಂದ ವರ್ಷಗಟ್ಟಲೆ ದೌರ್ಜನ್ಯ ನಡೆಯಿತೆಂದು 2019ರಲ್ಲಿ ಬಹಿರಂಗವಾಗಿ ಹೇಳಿದರು. ಸಂಸ್ಥೆಯದೇ ಸುದ್ದಿ ವಿಭಾಗ ಆಕೆಯ ಮಾತನ್ನು ತಿರುಚಿ, ಅದು ಅನೈತಿಕ ಸಂಬಂಧ ಎಂಬಂತೆ ಅಚ್ಚು ಹಾಕಿತು. ಮರುದಿನದಿಂದ ಬೈಗುಳದ ಮಳೆ. ಕೆಲಸ ಹೋಯಿತು, ಆರೋಗ್ಯ ಹೋಯಿತು. 2022ರಲ್ಲಿ ಕಾರ್ಯಕಾರಿ ಸಮಿತಿ ಕ್ಷಮೆ ಕೇಳಿತು. 2025ರ ಜೂನ್ 7ರಂದು ಆಕೆ ತೀರಿಕೊಂಡರು. ವಯಸ್ಸು 47.

ಭಾರತದ ಕಾನೂನು ಈ ವಿಷಯದಲ್ಲಿ ಖಡಕ್ಕಾಗಿದೆ ಎಂಬುದು ಇಲ್ಲಿಯ ಎಷ್ಟೋ ಜನಕ್ಕೆ ಗೊತ್ತಿಲ್ಲ. 2012ರ ಪೋಕ್ಸೋ ಕಾಯಿದೆಯ 19ನೇ ಕಲಮಿನ ಪ್ರಕಾರ ಮಗುವಿನ ಮೇಲೆ ಇಂಥ ಅಪರಾಧ ನಡೆದದ್ದು ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಮಿನಲ್ಲಿ ಆರು ತಿಂಗಳವರೆಗೆ ಸಜೆ. ಸಂಸ್ಥೆಯ ಮುಖ್ಯಸ್ಥ ತನ್ನ ಕೈಕೆಳಗಿನವನ ಅಪರಾಧ ಗೊತ್ತಿದ್ದೂ ಸುಮ್ಮನಿದ್ದರೆ ಒಂದು ವರ್ಷದವರೆಗೆ ಸಜೆ ಮತ್ತು ದಂಡ. ಚರ್ಚು, ಮಠ, ಮದರಸಾ, ಹಾಸ್ಟೆಲು, ಟ್ಯೂಷನ್ ಕ್ಲಾಸು ಎಂಬ ಭೇದ ಇದರಲ್ಲಿಲ್ಲ. 'ಒಳಗೊಳಗೇ ತೀರ್ಮಾನ ಮಾಡಿಕೊಂಡೆವು' ಎಂಬ ಮಾತು ಇಲ್ಲಿ ಬಚಾವಾಗುವ ದಾರಿಯಲ್ಲ, ಸ್ವತಃ ಅಪರಾಧದ ಒಪ್ಪಿಗೆ.

ಅಮೆರಿಕದಲ್ಲಿ ವರದಿ ಬಂದ ನಾಲ್ಕೇ ದಿನಕ್ಕೆ ಸಮಿತಿ ಆ ಗುಟ್ಟಿನ ಪಟ್ಟಿಯನ್ನು ಪ್ರಕಟಿಸಿತು, 205 ಪುಟ. ಜೂನ್‌ನಲ್ಲಿ ಅನಹೈಮ್ ಮಹಾಸಭೆ ಎಲ್ಲರಿಗೂ ಕಾಣುವ ಹೊಸ ಪಟ್ಟಿಗೆ ಒಪ್ಪಿಗೆ ಕೊಟ್ಟು ಕಾರ್ಯಪಡೆ ನೇಮಿಸಿತು. ಆಗಸ್ಟ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆಯೂ ತನಿಖೆ ಶುರು ಮಾಡಿತು. 2025ರ ಮಾರ್ಚ್‌ನಲ್ಲಿ ಮುಚ್ಚಿತು. ದೌರ್ಜನ್ಯದ ಬಗ್ಗೆ ಒಬ್ಬರ ಮೇಲೂ ಆರೋಪಪಟ್ಟಿ ಬೀಳಲಿಲ್ಲ. ಶಿಕ್ಷೆಯಾದ ಒಬ್ಬನೇ ಒಬ್ಬನ ತಪ್ಪು ತನಿಖೆಗಾರರಿಗೆ ಸುಳ್ಳು ಹೇಳಿದ್ದು. ಹೊಸ ಪಟ್ಟಿಯ ಕಾರ್ಯಪಡೆಯ ಅವಧಿ 2024ರ ಜೂನ್‌ನಲ್ಲಿ ತೀರಿತು, ಪಟ್ಟಿಯಲ್ಲಿ ಆಗ ಒಂದು ಹೆಸರೂ ಇರಲಿಲ್ಲ. 2025ರ ಫೆಬ್ರುವರಿಯಲ್ಲಿ ಕಾರ್ಯಕಾರಿ ಸಮಿತಿಯ ಮುಖ್ಯಸ್ಥ ಜೆಫ್ ಐಯೊರ್ಗ್, ಸದ್ಯಕ್ಕೆ ಆ ಪಟ್ಟಿಯ ಕಡೆ ಗಮನವಿಲ್ಲ, ಚರ್ಚುಗಳಿಗೆ ತರಬೇತಿ ಕೊಡುವುದೇ ಮುಖ್ಯ ಎಂಬರ್ಥದ ಮಾತು ಹೇಳಿದರು. ಹೀಗಾಗಿ ಹೊಸ ಪಾಸ್ಟರನ್ನು ಹುಡುಕುವ ಊರಿನವರು ಹೆಸರು ನೋಡಬೇಕೆಂದರೆ ಸಿಕ್ಕುತ್ತಿದ್ದದ್ದು ಒಂದೇ: ನ್ಯಾಶ್‌ವಿಲ್ ಕಚೇರಿಯ ನೌಕರರೊಬ್ಬರು ಯಾರಿಗೂ ತೋರಿಸದಂತೆ ಬರೆದಿಟ್ಟಿದ್ದ ಆ ಹಳೇ ಪಟ್ಟಿ.