ನೀರು ಕುದಿಸಲು ಬೇಕಾದ ಸಮಾಜ

ಒಂದು ಲೀಟರ್ ತಣ್ಣೀರನ್ನು ಕುದಿಸಲು ಬೇಕಾಗುವುದು ಸುಮಾರು 0.1 ಯೂನಿಟ್ ಶಕ್ತಿ. ಮನೆಯೊಳಗಿನ ಲೆಕ್ಕದಲ್ಲಿ ವಿದ್ಯುತ್ ಕೆಟಲ್‌ ಬಳಸುವ ಶಕ್ತಿಯ ಬಹುಪಾಲು ನೀರಿಗೇ ಸೇರುತ್ತದೆ. ಗ್ಯಾಸ್ ಒಲೆಯ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಪಾಲಾಗುತ್ತದೆ. ಬೇಕಾದಷ್ಟೇ ನೀರು ತುಂಬಿಸಿ ಮುಚ್ಚಳ ಹಾಕುವುದು ಮಿತವ್ಯಯದ ಮೊದಲ ಪಾಠ.

2021ರ ಫೆಬ್ರುವರಿಯ ಹಿಮಬಿರುಗಾಳಿಯಲ್ಲಿ ಟೆಕ್ಸಸ್‌ಗೆ ಈ ಪಾಠ ಸಾಲಲಿಲ್ಲ. ಡಾಲಸ್, ಹ್ಯೂಸ್ಟನ್, ಆಸ್ಟಿನ್‌ಗಳಲ್ಲಿ ಲಕ್ಷಾಂತರ ಮನೆಗಳು ಕತ್ತಲಲ್ಲಿ ಮುಳುಗಿದವು. ಫೆಬ್ರುವರಿ 17ರಂದು ಹ್ಯೂಸ್ಟನ್ ಮತ್ತು ಆಸ್ಟಿನ್ ನಗರಾಡಳಿತಗಳು ನಲ್ಲಿ ನೀರನ್ನು ಕುದಿಸಿಯೇ ಕುಡಿಯಬೇಕೆಂದು ಸೂಚಿಸಿದವು. ಕರೆಂಟಿಲ್ಲದ ಮನೆಯಲ್ಲಿ ವಿದ್ಯುತ್ ಒಲೆಯವರು ಕುದಿಸುವುದಾದರೂ ಹೇಗೆ?

ವಿದ್ಯುತ್ ಸ್ಥಾವರಗಳನ್ನೂ ಅನಿಲ ಸರಬರಾಜನ್ನೂ ಚಳಿಗೆ ಸಜ್ಜುಗೊಳಿಸಬೇಕೆಂದು ಒಕ್ಕೂಟ ಸರ್ಕಾರದ ವರದಿಯೊಂದು 2011ರಲ್ಲೇ ಹೇಳಿತ್ತು. ಅದನ್ನು ಕಡ್ಡಾಯಗೊಳಿಸುವ ರಾಜ್ಯ ಕಾನೂನು ಬಂದದ್ದು 2021ರ ಜೂನ್‌ನಲ್ಲಿ, ಅಧಿಕೃತ ಲೆಕ್ಕದ ಪ್ರಕಾರವೇ 246 ಮಂದಿ ಸತ್ತ ನಂತರ: ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ನೆರೆರಾಜ್ಯಗಳ ವಿದ್ಯುತ್ ಜಾಲದಿಂದ ಟೆಕ್ಸಸ್ ಇಂದಿಗೂ ಬಹುಮಟ್ಟಿಗೆ ಬೇರೆಯಾಗಿಯೇ ಉಳಿದಿದೆ.

ಒಳ್ಳೆಯ ಕೆಟಲ್ ಆರಿಸುವ ವಿವೇಕ ಟೆಕ್ಸಸ್ ಕನ್ನಡಿಗರಿಗೆ ಇದ್ದೇ ಇದೆ. ಅದಕ್ಕೆ ವಿದ್ಯುತ್ ಒದಗಿಸುವ ವ್ಯವಸ್ಥೆಯನ್ನು ಮತದಾನದಲ್ಲೂ ನಗರಸಭೆಯ ಅಹವಾಲುಗಳಲ್ಲೂ ಪ್ರಶ್ನಿಸುವ ಹೊಣೆಯೂ ಅವರದೇ.